ನೀರು ಕಂಡ ಕಾರು



ಕಳೆದ ವಾರ ಇಟ್ಟಮಡುವಿನ ಬಂಧುಗಳೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಪ್ರಸಾದವಾದ ಬಳಿಕ ಯಜಮಾನರು ಮಗನನ್ನು ಎದುರಿಗೆ ಕೂರಿಸಿಕೊಂಡು ನಮ್ಮನ್ನೊಂದು ಪ್ರಶ್ನೆ ಕೇಳಿದರು. ಹುಡುಗನಿಗೆ ವೇಗದ ಕಾರುಗಳೆಂದರೆ ಪ್ರಾಣ. ನೀರಿನಲ್ಲಿ ಮುಳುಗಿದ್ದ ಟರ್ಬೊ ಎಂಜಿನ್ನಿನ ಕಾರೊಂದನ್ನು ಜಖಂ ವಾಹನಗಳ ಹರಾಜಿನಲ್ಲಿ ಅರ್ಧ ಬೆಲೆಗೆ ಕೊಂಡು, ರಿಪೇರಿ ಮಾಡಿಸಿ, ಈಗ ಮಾರಲು ಹೊರಟಿದ್ದಾನೆ. "ಮುಳುಗಿದ್ದ ಕಾರೆಂದು ಹೇಳಿದರೆ ಹಾಕಿದ ಹಣವೂ ಹುಟ್ಟುವುದಿಲ್ಲ. ಹೇಳಲೇಬೇಕೆ?" ಎಂಬುದು ಅವರ ಪ್ರಶ್ನೆ.

ಇಂತಹ ಕಾರುಗಳು ಎಲ್ಲಿಂದ ಬರುತ್ತವೆಂಬುದನ್ನು ಮೊದಲು ಅರಿಯೋಣ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಸರ್ಜಾಪುರ ರಸ್ತೆ, ಬೆಳ್ಳಂದೂರು ಭಾಗಗಳಲ್ಲಿ ಬೆಲೆಬಾಳುವ ಕಾರುಗಳು ಮುಳುಗಿ ನಿಂತುದು ನಮಗೆಲ್ಲ ನೆನಪಿದೆ. ರಿಪೇರಿಯ ವೆಚ್ಚವು ಪಾಲಿಸಿಯಲ್ಲಿ ನಮೂದಾದ ಮೌಲ್ಯದ ಶೇ. 75ನ್ನು ಮೀರಿದರೆ ವಿಮಾ ಕಂಪನಿಯು ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುತ್ತದೆ. ಮಾಲೀಕರಿಗೆ ಪರಿಹಾರ ಸಲ್ಲುತ್ತದೆ. ಕಾರು 'ಇದ್ದುದು ಇದ್ದಂತೆ' ಎಂಬ ಷರತ್ತಿನ ಮೇಲೆ ಹರಾಜಿಗೆ ಹೋಗುತ್ತದೆ. ಅಲ್ಲಿ ಗ್ಯಾರಂಟಿಯಿಲ್ಲ, ಓಡಿಸಿ ನೋಡುವ ಅವಕಾಶವೂ ಸಾಮಾನ್ಯವಾಗಿ ದೊರೆಯದು.

ನೀರು ಮಾಡುವ ಹಾನಿ ಕಣ್ಣಿಗೆ ಬೀಳುವಂಥದ್ದಲ್ಲ. ಗಾಳಿಯಂತೆ ನೀರು ಅದುಮಿಕೊಳ್ಳದು. ಆದ್ದರಿಂದ ನೀರು ಹೊಕ್ಕ ಎಂಜಿನ್ನನ್ನು ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ವೈರುಗಳ ಜೋಡಣೆಯಲ್ಲಿ ಉಳಿದ ತೇವವು ತಿಂಗಳುಗಳ ತರುವಾಯ ತುಕ್ಕಾಗಿ ಏರ್‌ಬ್ಯಾಗು, ಎ.ಬಿ.ಎಸ್. ಬ್ರೇಕುಗಳನ್ನು ಕೆಡಿಸಬಲ್ಲದು. ವೇಗಕ್ಕೆಂದೇ ಕೊಂಡ ಕಾರಿನಲ್ಲಿ, ನೂರು ಕಿಲೋಮೀಟರ್ ವೇಗದಲ್ಲಿರುವಾಗ ಆ ದೋಷ ತಲೆದೋರಿದರೆ ಗತಿಯೇನು?

ಹಳೆಯ ಕಾರು ಕೊಳ್ಳುವ ಬಂಧುಗಳು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗುರುತಿದೆಯೇ ನೋಡಬೇಕು. ಸೀಟಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ಟಿನ ಅಡಿಯ ಮುಗ್ಗುಲು ವಾಸನೆಗಳನ್ನು ಪರೀಕ್ಷಿಸಬೇಕು. ಜಖಂ ಕಾರಿನ ಕಾಗದಪತ್ರಗಳನ್ನು ಕಳವಿನ ಕಾರಿಗೆ ಹೊಂದಿಸುವ ವಂಚಕರೂ ಇರುವುದರಿಂದ ಚಾಸಿಸ್ ನಂಬರನ್ನು ಆರ್.ಸಿ.ಯೊಡನೆ ತಾಳೆ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ, ಮತ್ತೆಂದೂ ಬಳಸಲಾಗದಂತೆ ಹಾಳಾದ ವಾಹನದ ಸಂಗತಿಯನ್ನು ಮಾಲೀಕರು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಆಗ ನೋಂದಣಿ ರದ್ದಾಗುತ್ತದೆ. ಹಣ ಕೊಡುವ ಮುನ್ನ ನೋಂದಣಿ ಊರ್ಜಿತದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಲೇಸು.

ಇನ್ನು ಯಜಮಾನರ ಪ್ರಶ್ನೆ. ಹೇಳಲೇಬೇಕು ಎಂದೆವು. ಕೆಟ್ಟ ಯಂತ್ರವನ್ನು ಸರಿಪಡಿಸುವುದು ಕಾಯಕ. ಅದರ ದೋಷವನ್ನು ಮುಚ್ಚಿ ಮಾರಿದರೆ ಕಾಯಕದ ಶುದ್ಧಿ ಉಳಿಯದು. ಹರಾಜಿನ ಕಾಗದ, ರಿಪೇರಿಯ ಬಿಲ್ಲುಗಳನ್ನು ಕೊಳ್ಳುವವರ ಕೈಗಿತ್ತು, ತಿಳಿದವರು ಒಪ್ಪುವ ಬೆಲೆಯನ್ನು ಪಡೆಯಲಿ. ನಷ್ಟವಾದೀತು, ಅದು ಕಲಿತ ಪಾಠದ ಶುಲ್ಕ.

ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ, "ಕೊಳ್ಳುವವರ ಮನೆಯಲ್ಲೂ ನಿನ್ನಂಥ ಮಗನೊಬ್ಬ ಇರಬಹುದಲ್ಲವೇನಪ್ಪ?" ಎಂದರು. ಸ್ವಲ್ಪ ಹೊತ್ತಿನ ಬಳಿಕ ಅವನು ಎದ್ದು ಒಳಗೆ ಹೋಗಿ, ಬಿಲ್ಲುಗಳ ಕಟ್ಟನ್ನು ತಂದು ತಂದೆಯ ಮುಂದಿಟ್ಟನು.