ಯುಗಾದಿಯ ಇಸ್ಪೀಟು, ಮೊಬೈಲಿನ ರಮ್ಮಿ: ನಿಲ್ಲಿಸುವುದು ಯಾವಾಗ?

ಗುತ್ತಲು ಸೇರಿದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಯುಗಾದಿ ಎಂದರೆ ಬೇವುಬೆಲ್ಲದ ಜತೆಗೆ ಇಸ್ಪೀಟೂ ಹೌದು. ನಮ್ಮ ಕರಾವಳಿಯಲ್ಲಿ ಕೋಳಿಅಂಕ, ಮಟ್ಕಾ ಇದ್ದ ಹಾಗೆ. ಹಬ್ಬದ ಆಟಕ್ಕೆ ಒಂದು ಕೊನೆಯಿತ್ತು. ಹಬ್ಬ ಮುಗಿಯುತ್ತಿತ್ತು, ಜೇಬು ಬರಿದಾಗುತ್ತಿತ್ತು, ಮನೆಯವರು ಬಂದು ಕರೆಯುತ್ತಿದ್ದರು. ಮೊಬೈಲ್ ಜೂಜಿಗೆ ಈ ಮೂರೂ ಇಲ್ಲ.

ರಾಜ್ಯದಲ್ಲಿ ಲಾಟರಿ 2007ರಲ್ಲಿ ನಿಂತಿತು. ಆನ್‌ಲೈನ್ ಜೂಜು ತಡೆಯಲು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲದ್ದಿರಲಿ ಅದೃಷ್ಟದ್ದಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂ.ವರೆಗೆ ದಂಡ, ಆಡಿ ಸೋತವನಿಗೆ ಶಿಕ್ಷೆಯಿಲ್ಲ. ಇದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಆಪ್ ಮುಚ್ಚಿದ ಮಾತ್ರಕ್ಕೆ ಚಟ ಬಿಡುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಚಟ, ಮದ್ಯ ಮತ್ತು ಮಾದಕ ವಸ್ತುಗಳ ಚಟದ ಸಾಲಿನಲ್ಲೇ ಇದೆ. ಸೋಲಿಗಿಂತ ಅಪರೂಪಕ್ಕೆ ಬರುವ ಗೆಲುವೇ ಇಲ್ಲಿ ಹೆಚ್ಚು ಅಪಾಯಕಾರಿ. ಮುಂದಿನದು ಯಾವಾಗ ಎಂದು ತಿಳಿಯದೆ ಮನಸ್ಸು ಕಾಯುತ್ತಲೇ ಇರುತ್ತದೆ. ಹಾಗಾದರೆ ನಿಲ್ಲಿಸುವ ಹೊತ್ತು ಯಾವುದು? ಹೋದ ಹಣವನ್ನು ಇವತ್ತೇ ವಾಪಸು ತರುತ್ತೇನೆ ಎಂಬ ಹಠ ಹುಟ್ಟಿದ ಕ್ಷಣವೇ. ಆಮೇಲೆ ಆಡುವುದು ಮನುಷ್ಯನಲ್ಲ, ಸಾಲ. ಮನೆಯಲ್ಲಿ ಸುಳ್ಳು ಹೇಳುವುದು, ಸ್ವಸಹಾಯ ಸಂಘದ ಸಾಲ ತಂದು ಕಟ್ಟುವುದು, ಹೆಂಡತಿಯ ಒಡವೆ ಅಡವಿಡುವುದು, ರಾತ್ರಿ ನಿದ್ರೆ ಬಾರದಿರುವುದು, ಇವೆಲ್ಲ ಆ ಗೆರೆ ದಾಟಿಯಾದ ಮೇಲಿನ ಗುರುತುಗಳು. ಆಗ "ಇನ್ನೊಂದೇ ಆಟ" ಎಂಬ ಮಿತಿ ನಡೆಯುವುದಿಲ್ಲ, ಪೂರ್ತಿ ಬಿಡಬೇಕು.

ಧರ್ಮಸಭೆಯ ಬೋಧನೆ ಅದೃಷ್ಟದ ಆಟವನ್ನೇ ಪಾಪ ಎನ್ನುವುದಿಲ್ಲ. ತನಗೂ ತನ್ನವರಿಗೂ ಬೇಕಾದ ಅಗತ್ಯವನ್ನು ಅದು ಕಸಿದುಕೊಂಡಾಗ ತಪ್ಪು ಎನ್ನುತ್ತದೆ. (ಚರ್ಚ್ ಹಬ್ಬದ ಹೌಸಿಯನ್ನೂ ಈ ಅಳತೆಗೋಲಿನಲ್ಲೇ ನೋಡುವುದು ಒಳ್ಳೆಯದು.) ವಾಳೆಯ ಗುರಿಕಾರರು ಇಂಥ ಮನೆಗೆ ಹೋದಾಗ ಬೈಯುವುದು ಬೇಡ, ಕೈಗೆ ಹಣ ಕೊಡುವುದೂ ಬೇಡ, ಗುಟ್ಟಾಗಿ ತೀರಿಸಿದ ಸಾಲ ಹೆಚ್ಚಾಗಿ ಮತ್ತೊಂದು ಸಾಲಕ್ಕೆ ದಾರಿ. ಸಾಲದ ಪಟ್ಟಿಯನ್ನು ಮನೆಯವರ ಮುಂದೆ ಬರೆಸಿ, ಬ್ಯಾಂಕ್ ಖಾತೆಯ ವ್ಯವಹಾರವನ್ನು ಕೆಲವು ಕಾಲ ಮನೆಯವರೊಬ್ಬರು ನೋಡಿಕೊಳ್ಳಲಿ. ಸಾಯುವ ಮಾತು ಒಮ್ಮೆ ಬಾಯಲ್ಲಿ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.