ತೆರಬಂಡಿಯೂ ಸಮಾಹ್ವಯವೂ

ಪುಷ್ಯ ಮಾಸದ ಶುಕ್ಲ ಪಕ್ಷದಲ್ಲಿ ಬಾದಾಮಿಯಿಂದ ಚೊಳಚಗುಡ್ಡಕ್ಕೆ ಹೋಗುವ ಹಾದಿಯು ಜನರಿಂದಲೂ ದನಗಳಿಂದಲೂ ತುಂಬಿಹೋಗುವದು. ಬನದ ಹುಣ್ಣಿವೆಯ ದಿನ ಬನಶಂಕರಿಯ ತೇರು ಸಾಗುವದು. ಹರಿದ್ರಾ ತೀರ್ಥದ ಕೈಸಾಲೆಗಳಲ್ಲಿ ಕಾಲಿಡಲು ಸ್ಥಳವಿರುವದಿಲ್ಲ. ನಾಟಕ ಕಂಪನಿಗಳು ತಿಂಗಳ ಪರ್ಯಂತ ಬಿಡಾರ ಹೂಡುವವು. ತೇರಿನ ಹಿಂದಿನ ದಿನಗಳಲ್ಲಿ ದೇವಿಗೆ ನೂರೆಂಟು ಬಗೆಯ ಕಾಯಿಪಲ್ಲೆಗಳ ನೈವೇದ್ಯವಾಗುವದು. ಈಕೆಯು ಶಾಕಂಭರಿಯಷ್ಟೆ. ನೂರು ವರುಷ ಮಳೆಯಿಲ್ಲದೆ ಲೋಕವು ಬೆಂದಾಗ ತನ್ನ ಶರೀರದಿಂದಲೇ ಶಾಕಗಳನ್ನು ಹುಟ್ಟಿಸಿ ಪ್ರಾಣಿಮಾತ್ರವನ್ನು ಬದುಕಿಸಿದಳೆಂದು ದೇವೀಮಾಹಾತ್ಮ್ಯದ ಕಥೆ. ಆ ತಾಯಿಯ ಜಾತ್ರೆಯಲ್ಲಿ ಎತ್ತಿನ ಮಾರಾಟವು ದೊಡ್ಡ ಪ್ರಮಾಣದಲ್ಲಿ ನಡೆಯುವದು ಯೋಗ್ಯವೇ ಆಗಿದೆ. ಬೆಳೆ ಎಂಬುದು ಎತ್ತಿನ ಹೆಗಲಿನಿಂದಲೇ ಬಂದದ್ದು.

ಆದರೆ ಆ ಸಂತೆಯಲ್ಲಿ ಕೊಳ್ಳುವವನ ಮುಂದೆ ಎತ್ತಿನ ಗುಣವನ್ನು ಹೊಗಳುವ ರೀತಿಯು ಈಗ ಬದಲಾಗಿದೆ. ಹಿಂದೆ "ಕುಂಟೆಗೆ ಹೂಡಿದರೆ ಸಾಲು ಬಿಡದು, ಹಗಲೆಲ್ಲ ಹೊಡೆದರೂ ದಣಿಯದು" ಎಂದು ಹೇಳುವದು ವಾಡಿಕೆಯಾಗಿತ್ತು. ಈಗ "ಇಂಥ ಊರ ಕಣದಲ್ಲಿ ಬಂಡಿ ಎಳೆದದ್ದು, ಇಷ್ಟು ಅಡಿ ಹೋದದ್ದು" ಎಂಬ ಮಾತಿಗೆ ಬೆಲೆ ಬಂದಿದೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆ ಉರುಸುಗಳಲ್ಲಿ ನಡೆಯುವ ತೆರಬಂಡಿಯ ಶರ್ಯತ್ತು, ಕಲ್ಲು ಎಳೆಸುವ ಶರ್ಯತ್ತು, ಗಾಡಿ ಓಡಿಸುವ ಶರ್ಯತ್ತು, ಇವು ಮೂರೂ ಸೇರಿ ಎತ್ತಿಗೆ ಒಕ್ಕಲುತನದ ಬೆಲೆಯನ್ನು ಬಿಡಿಸಿ ಜೂಜಿನ ಬೆಲೆಯನ್ನು ಕಟ್ಟಿವೆ. ತೆರಬಂಡಿಯೆಂದರೆ ಭಾರವಾದ ಬಂಡಿಗೆ ಜೋಡೆತ್ತನ್ನು ಹೂಡಿ, ಹಲವೆಡೆ ಗಾಲಿಯೇ ತಿರುಗದಂತೆ ಬಿಗಿದು, ಗೊತ್ತುಪಡಿಸಿದ ವೇಳೆಯಲ್ಲಿ ಎಷ್ಟು ಅಂತರ ಎಳೆದಾವೆಂದು ಅಳೆಯುವದು. ಗಾಲಿಯನ್ನು ಕಂಡುಹಿಡಿದ ಮನುಷ್ಯನು ಸಹಸ್ರಾರು ವರುಷಗಳ ತರುವಾಯ ಅದನ್ನು ಹಗ್ಗದಿಂದ ಕಟ್ಟಿ ಎತ್ತಿಗೆ ಎಳೆಯೆನ್ನುವದು ಬುದ್ಧಿಯ ಯಾವ ವಿಕಾಸವೋ ಹೇಳಲು ಬಾರದು.

ಈ ಶರ್ಯತ್ತುಗಳ ಪಕ್ಷಪಾತಿಗಳ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಶರ್ಯತ್ತಿನ ಎತ್ತನ್ನು ಸಾಕುವ ರೈತನು ಅದನ್ನು ಮಗನಂತೆ ಸಾಕುವನು. ಹಿಂಡಿ, ಹತ್ತಿಕಾಳು, ಹಾಲು, ಬೆಣ್ಣೆಗಳನ್ನು ತಿನ್ನಿಸುವನು. ದಿನವೂ ಮೈ ತೊಳೆದು ತಿಕ್ಕುವನು. ಕಟುಕನ ಮನೆಗೆ ಹೋಗುವ ಬಡಕಲು ಎತ್ತಿಗಿಂತ ಈ ಎತ್ತಿನ ಬಾಳು ಮೇಲೆಂದು ವಾದಿಸುವವರಿಗೆ ಪೇಟೆಯ ಸುಶಿಕ್ಷಿತನು ಚರ್ಮದ ಪಾದರಕ್ಷೆ ಮೆಟ್ಟಿಕೊಂಡು ಉತ್ತರ ಹೇಳುವದು ಸುಲಭವಲ್ಲ. ಇದೆಲ್ಲವನ್ನೂ ಒಪ್ಪಬೇಕು. ಆದರೆ ವರುಷವೆಲ್ಲ ಬೆಣ್ಣೆ ತಿನ್ನಿಸಿದ ಕೈಯೇ ಕಣದಲ್ಲಿ ಬಾರುಕೋಲು ಹಿಡಿಯುವದು; ಬಾಲದ ಕೀಲನ್ನು ತಿರುಚುವದು; ಮುಳ್ಳುಗೋಲಿನ ಮೊನೆಯಿಂದ ತಿವಿಯುವದು. ಪ್ರೀತಿಯು ಹನ್ನೊಂದು ತಿಂಗಳು ಇದ್ದಿತೆಂಬುದು ಆ ನಿಮಿಷಗಳ ನೋವಿಗೆ ರಶೀದಿಯಾಗಲಾರದು.

ಇನ್ನು ಸಂಪ್ರದಾಯದ ವಾದ. ಇದನ್ನು ಎಲ್ಲಕ್ಕಿಂತ ಗಟ್ಟಿಯಾದ ವಾದವೆಂದು ಅವರು ತಿಳಿದಿರುವರು. ಪರೀಕ್ಷಿಸಿದರೆ ಇದೇ ಎಲ್ಲಕ್ಕಿಂತ ಸಡಿಲು. ಒಕ್ಕಲಿಗನ ಸಂಪ್ರದಾಯದಲ್ಲಿ ಎತ್ತಿಗೆ ಹಬ್ಬಗಳಿವೆ. ಜ್ಯೇಷ್ಠದಲ್ಲಿ ಕಾರ ಹುಣ್ಣಿವೆ. ಅದರ ಹಿಂದಿನ ದಿನ ಹೊನ್ನುಗ್ಗಿ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ, ಸಂಜೆ ಊರ ಅಗಸಿಯಲ್ಲಿ ಕಟ್ಟಿದ ಕರಿಯನ್ನು ಹರಿಸುವರು. ಯಾವ ಬಣ್ಣದ ಎತ್ತು ಮೊದಲು ಕರಿ ಹರಿದೀತೋ ಆ ಬಣ್ಣದ ಬೆಳೆ ಆ ವರುಷ ಹುಲುಸೆಂದು ನಂಬಿಕೆ. ಆ ಓಟವು ಕ್ಷಣಮಾತ್ರದ್ದು, ಬೆನ್ನಿಗೆ ಭಾರವಿಲ್ಲ, ಗೆದ್ದ ಎತ್ತಿನಿಂದ ಯಾವನ ಕಿಸೆಯೂ ತುಂಬುವದಿಲ್ಲ, ಊರೇ ಗೆದ್ದಂತೆ. ಮುಂದಿನ ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಈ ಹಬ್ಬಗಳ ಯಾವ ಮೂಲೆಯಲ್ಲಿ ಗಾಲಿ ಬಿಗಿದ ಬಂಡಿಯಿದೆ? ಯಾವ ಮೂಲೆಯಲ್ಲಿ ಮೋಟಾರ ಸಾಯಿಕಲ್ಲಿನ ಬಹುಮಾನವಿದೆ? ಕಾರ ಹುಣ್ಣಿವೆಯ ಹೆಸರನ್ನು ಮುಂದೆ ಮಾಡಿ ತೆರಬಂಡಿಯನ್ನು ಸಮರ್ಥಿಸುವದು ದೇವರ ಪಾಲಕಿಯಲ್ಲಿ ಬೇರೆಯವರ ಸಾಮಾನು ಸಾಗಿಸಿದಂತೆ.

ಪ್ರಾಚೀನರನ್ನೇ ಸಾಕ್ಷಿಗೆ ಕರೆಯುವದಾದರೆ ಚೆನ್ನಾಗಿ ಕರೆಯೋಣವಾಗಲಿ. ಧರ್ಮಶಾಸ್ತ್ರಕಾರರು ಈ ವಿಷಯವನ್ನು ಬಲ್ಲರು. ಅದಕ್ಕೆ ಹೆಸರನ್ನೂ ಇಟ್ಟಿರುವರು. ದಾಳ ಮುಂತಾದ ಜಡವಸ್ತುಗಳಿಂದ ಆಡುವದು ದ್ಯೂತ. ಪ್ರಾಣಿಗಳನ್ನು ಒಡ್ಡಿ ಆಡುವದು ಸಮಾಹ್ವಯ. ಇವೆರಡೂ ಸೇರಿ ಮನುವಿನ ಹದಿನೆಂಟು ವ್ಯವಹಾರಪದಗಳಲ್ಲಿ ಒಂದು. ಅರ್ಥಾತ್ ಇದು ಹಬ್ಬದ ಪ್ರಕರಣದಲ್ಲಿ ಬಂದ ವಿಷಯವಲ್ಲ, ವ್ಯಾಜ್ಯದ ಪ್ರಕರಣದಲ್ಲಿ ಬಂದದ್ದು. ಮನುವು ಇವೆರಡನ್ನೂ ರಾಜನು ರಾಜ್ಯದಿಂದ ಹೊರಗೆ ಹಾಕಬೇಕೆಂದನು. ಯಾಜ್ಞವಲ್ಕ್ಯನು ಅಷ್ಟು ಕಠಿಣನಾಗದೆ, ರಾಜನ ಕಣ್ಣಿನ ಮುಂದೆ, ಕಟ್ಟಳೆಗೆ ಒಳಪಟ್ಟು ನಡೆಯಲೆಂದನು. ಆ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಕೌಟಿಲ್ಯನಂತೂ ಗೋಧ್ಯಕ್ಷ ಪ್ರಕರಣದಲ್ಲಿ ಮಂದೆಯ ಹೋರಿಯನ್ನು ಮತ್ತೊಂದು ಹೋರಿಯೊಡನೆ ಕಾದಿಸಿದವನಿಗೆ ಪ್ರಥಮ ಸಾಹಸದಂಡವನ್ನೂ, ಅದರಿಂದ ಹೋರಿಯು ಸತ್ತರೆ ಉತ್ತಮ ಸಾಹಸದಂಡವನ್ನೂ ವಿಧಿಸಿದನು. ಅಶೋಕನ 5ನೆಯ ಸ್ತಂಭಶಾಸನವು ಅಷ್ಟಮಿ, ಚತುರ್ದಶಿ, ಹುಣ್ಣಿವೆ ಅಮಾವಾಸ್ಯೆಗಳಲ್ಲಿಯೂ ತಿಷ್ಯ ಪುನರ್ವಸು ದಿನಗಳಲ್ಲಿಯೂ ಹೋರಿಗಳ ಬೀಜ ಒಡೆಯಬಾರದು, ತಿಷ್ಯ ಪುನರ್ವಸುಗಳಂದು ಎತ್ತು ಕುದುರೆಗಳಿಗೆ ಬರೆ ಹಾಕಬಾರದು ಎಂದು ಸಾರುವದು. ತಿಷ್ಯವೆಂದರೆ ಪುಷ್ಯವೇ. ಬನಶಂಕರಿಯ ತೇರಿನ ಹುಣ್ಣಿವೆಯು ಯಾವ ನಕ್ಷತ್ರದಿಂದ ಹೆಸರು ಪಡೆದ ಮಾಸದ್ದೋ ಅದೇ ನಕ್ಷತ್ರದ ದಿನ ಎತ್ತಿನ ಮೈ ಮುಟ್ಟಬೇಡವೆಂದು ಇಪ್ಪತ್ತೆರಡು ಶತಮಾನಗಳ ಹಿಂದೆ ಒಬ್ಬ ಅರಸನು ಕಲ್ಲಿನ ಮೇಲೆ ಕೊರೆಯಿಸಿದನು. ಸಂಪ್ರದಾಯ ಬೇಕೆನ್ನುವವರಿಗೆ ಇದಕ್ಕಿಂತ ಹಳೆಯದು ಯಾವದು ಬೇಕು?

ತಳಿಯ ರಕ್ಷಣೆಯ ವಾದವೊಂದು ಇತ್ತೀಚೆಗೆ ಬಹಳ ಕೇಳಬರುತ್ತಿದೆ. ಶರ್ಯತ್ತು ನಿಂತರೆ ಖಿಲಾರಿ ತಳಿಯು ನಾಶವಾದೀತು. ಕೃಷ್ಣಾತೀರದ ತಳಿಯು ಈಗಾಗಲೇ ವಿರಳವಾಗಿದೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತನ್ನು ಸಾಕುವರಾರು ಎಂದು. ಟ್ರ್ಯಾಕ್ಟರಿನಿಂದ ಎತ್ತುಗಳ ಸಂಖ್ಯೆ ಇಳಿದದ್ದು ನಿಜ. ಎರೆಯ ನೆಲದಲ್ಲಿ ನೇಗಿಲೆಳೆಯಲೆಂದೇ ಬೆಳೆಸಿದ ಕೃಷ್ಣಾತೀರದ ಎತ್ತಿಗೆ ಕೆಲಸವೇ ಇಲ್ಲದಾದದ್ದು ನಿಜ. ಆದರೆ ವಾದಿಗಳು ಒಂದು ಸಣ್ಣ ಸಂಗತಿಯನ್ನು ಮರೆತಿರುವರು. ನೊಗಕ್ಕೆ ಹೂಡುವ ಎತ್ತೆಂದರೆ ಬಹುಮಟ್ಟಿಗೆ ಬೀಜ ಒಡೆಸಿದ ಪ್ರಾಣಿ. ಅದು ಎಷ್ಟು ಕಣಗಳಲ್ಲಿ ಗೆದ್ದರೂ ಅದರ ಗುಣವು ಒಂದು ಕರುವಿಗೂ ಇಳಿಯಲಾರದು. ತಳಿಯು ಉಳಿಯುವದು ಆಕಳಿನಿಂದ, ಬೀಜದ ಹೋರಿಯಿಂದ, ಗೋಮಾಳದಿಂದ. ತಳಿಗಾಗಿ ಕಣ್ಣೀರಿಡುವವರಲ್ಲಿ ಎಷ್ಟು ಜನರು ಖಿಲಾರಿ ಆಕಳಿಗೆ ಬಹುಮಾನವಿಟ್ಟಿರುವರು? ಊರ ಗಾಯರಾಣವನ್ನು ಒತ್ತುವರಿ ಮಾಡಿದವನೇ ಶರ್ಯತ್ತಿನ ಪೆಂಡಾಲಿನಲ್ಲಿ ತಳಿರಕ್ಷಕನಾಗಿ ಹಾರ ಹಾಕಿಸಿಕೊಳ್ಳುವದೂ ಉಂಟು.

ಅಮೇರಿಕೆಯ ಆರ್ಕನ್ಸಾ ಸಂಸ್ಥಾನದಲ್ಲಿ ಪೀ ರಿಜ್ ಎಂಬ ಊರಿದೆ. ಅಲ್ಲಿ 1989ರಿಂದ ಹೇಸರಗತ್ತೆಗಳಿಂದ ಹಾರಿಸುವ ಪಂದ್ಯ ನಡೆಯುತ್ತ ಬಂದಿದೆ. ಹೇಸರಗತ್ತೆಯೆಂದರೆ ಛಾಂದೋಗ್ಯದಲ್ಲಿ ಜಾನಶ್ರುತಿಯು ರೈಕ್ವನಿಗೆ ಕೊಡಲು ಒಯ್ದ ರಥಕ್ಕೆ ಹೂಡಿದ್ದ ಅಶ್ವತರಿಯ ಜಾತಿಯೇ. ಆ ದೇಶದ ಬೇಟೆಗಾರರು ರಾತ್ರಿ ಕಾಡಿನಲ್ಲಿ ತಂತಿಬೇಲಿ ಅಡ್ಡ ಬಂದರೆ ಅದರ ಮೇಲೆ ಅಂಗಿಯನ್ನು ಹಾಕಿ, ತಾವು ಆಚೆಗೆ ದಾಟಿ, ಗತ್ತೆಯನ್ನು ಹಾರಿಸಿಕೊಳ್ಳುತ್ತಿದ್ದರಂತೆ. ಅದೇ ಮುಂದೆ ಪಂದ್ಯವಾಯಿತು. ಬೆನ್ನ ಮೇಲೆ ಸವಾರನಿಲ್ಲ. ಗತ್ತೆಯು ನಿಂತಲ್ಲಿಂದಲೇ ಅಡ್ಡಪಟ್ಟಿಯನ್ನು ಹಾರಬೇಕು. ಅದರಲ್ಲಿಯೂ ಆಕ್ಷೇಪಿಸತಕ್ಕ ಸಂಗತಿಗಳಿದ್ದಾವು. ಆದರೂ ಒಂದು ಭೇದವುಂಟು: ಹೇಸರಗತ್ತೆಯು ಹಟಕ್ಕೆ ಹೆಸರಾದ ಪ್ರಾಣಿ, ಮನಸ್ಸಿಲ್ಲದಿದ್ದರೆ ಅದು ಕಾಲು ಊರಿ ನಿಲ್ಲುವದು, ನೋಡುವವರು ನಗುವರು, ಆಟ ಮುಗಿಯುವದು. ಎತ್ತಿಗೆ ಆ ಹಟವನ್ನು ಒಕ್ಕಲಿಗನು ನೂರಾರು ತಲೆಮಾರು ಕಷ್ಟಪಟ್ಟು ಬಿಡಿಸಿರುವನು. ಅದು ಒಲ್ಲೆನೆನ್ನುವದನ್ನೇ ಮರೆತಿದೆ. ಮೊಣಕಾಲೂರಿ ಬಿದ್ದಾಗಲೂ ಮತ್ತೆ ಎದ್ದು ಎಳೆಯುವದು. ಅದನ್ನು ಕಂಡು ಜನರು "ಏನು ಹುರುಪು!" ಎನ್ನುವರು.

ಇದೇ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನು ಎತ್ತುವ ಪೈಲವಾನರಿರುವರು. ಹಲ್ಲು ಕಚ್ಚಿ, ಕಣ್ಣು ಕೆಂಪಾಗಿ, ಮಣಭಾರದ ಕಲ್ಲನ್ನು ಹೆಗಲಿಗೆ ಏರಿಸುವರು. ಅಲ್ಲಿ ನೋವಿಲ್ಲವೇ? ಉಂಟು. ಆದರೆ ಆ ಕಲ್ಲನ್ನು ಕೆಳಗೆ ಹಾಕುವ ಅಧಿಕಾರವು ಎತ್ತುವವನ ಕೈಯಲ್ಲಿರುವದು. ಗೆದ್ದ ಬೆಳ್ಳಿಯ ಕಡಗವೂ ಅವನ ಕೈಗೇ ಬರುವದು. ತೆರಬಂಡಿಯಲ್ಲಿ ಎಳೆಯುವವನು ಒಬ್ಬ, ಕಡಗ ತೊಡುವವನು ಮತ್ತೊಬ್ಬ.

ಈಗ ಕಾಯದೆಯ ಮಾತು. ಪ್ರಾಣಿಗಳಿಗೆ ಅನಾವಶ್ಯಕವಾಗಿ ನೋವುಂಟುಮಾಡುವದನ್ನು 1960ರ ಕಾಯದೆಯು ಅಪರಾಧವೆಂದಿತು. 1998ರಲ್ಲಿ ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕಾಗಿ ಪಳಗಿಸಿ ತೋರಿಸುವದು ನಿಷಿದ್ಧವಾಯಿತು. 2011ರಲ್ಲಿ ಹೋರಿಯೂ ಆ ಪಟ್ಟಿಗೆ ಸೇರಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟು ಮತ್ತು ಗಾಡಿ ಓಟಗಳನ್ನು ನಿಲ್ಲಿಸಿ, ಹೋರಿಯ ದೇಹರಚನೆಯೇ ಕುದುರೆಯಂತೆ ಓಟದ ಪ್ರದರ್ಶನಕ್ಕೆ ತಕ್ಕದ್ದಲ್ಲವೆಂದು ಹೇಳಿತು. ಕರ್ನಾಟಕ ಸರಕಾರವು 2017ರಲ್ಲಿ ತಿದ್ದುಪಡಿ ಮಾಡಿ ಕಂಬಳವನ್ನೂ ಹೋರಿ ಮತ್ತು ಎತ್ತಿನ ಗಾಡಿಗಳ ಓಟವನ್ನೂ ಬಿಡಿಸಿಕೊಂಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮನುವಿನಿಂದ ಯಾಜ್ಞವಲ್ಕ್ಯನಿಗೆ ಇಳಿದಂತೆಯೇ ಇದು. ಇಲ್ಲಿಗೆ ಶರ್ಯತ್ತಿನ ಪಕ್ಷದವರು ಜಯಘೋಷ ಮಾಡಿ ಓದುವದನ್ನು ನಿಲ್ಲಿಸಿದಂತೆ ತೋರುವದು. ಮುಂದಕ್ಕೂ ಓದಬೇಕು. ಕಟ್ಟಳೆಗಳನ್ನು ಬಿಗಿಯಾಗಿ ನಡೆಸುವ ಹೊಣೆಯು ಜಿಲ್ಲಾ ದಂಡಾಧಿಕಾರಿಗಳ ಮೇಲೆ ಇದೆಯೆಂದು ಅದೇ ತೀರ್ಪಿನಲ್ಲಿದೆ. ನೋವು ಕಡಿಮೆಯಾಗುವದೆಂಬ ನಂಬಿಕೆಯ ಮೇಲೆಯೇ ಆ ಅನುಮತಿಯು ನಿಂತಿದೆ. ಮೇಲಾಗಿ ತಿದ್ದುಪಡಿಯ ಶಬ್ದವು "ಓಟ". ಗಾಲಿ ಕಟ್ಟಿದ ಬಂಡಿಯ ಎಳೆತವು ಯಾವ ವ್ಯಾಕರಣದಿಂದ ಓಟವಾದೀತು?

ಇನ್ನೊಂದು ಕಟ್ಟಳೆಯನ್ನಂತೂ ಯಾರೂ ಹೆಸರೆತ್ತುವದಿಲ್ಲ. ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳಿವೆ. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ತಾಸು ಮೀರಬಾರದು. ಉಷ್ಣತೆಯು 37 ಡಿಗ್ರಿಗೆ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರ ವರೆಗೆ ಹೂಡಲೇಬಾರದು. ಮೊನೆಯುಳ್ಳ ಕೋಲನ್ನೂ ಮುಳ್ಳುಳ್ಳ ನೊಗವನ್ನೂ ಬಳಸಬಾರದು. ಹೊಲದಲ್ಲಿ ಹೊಟ್ಟೆಗಾಗಿ ದುಡಿಸುವವನಿಗೇ ಇಷ್ಟು ಕಟ್ಟಳೆಯಿರಲು, ಆಟಕ್ಕಾಗಿ ದುಡಿಸುವವನಿಗೆ ಯುಗಾದಿಯ ಆಚೆಯ ಬಿಸಿಲಿನಲ್ಲಿ, ನಡುಹಗಲಲ್ಲಿ, ಯಾವ ಕಟ್ಟಳೆಯೂ ಬೇಡವೇ?

ಈ ಮಾತುಗಳಲ್ಲಿ ರೈತನ ಮೇಲೆ ದೋಷ ಹೊರಿಸುವ ಉದ್ದೇಶವಿದೆಯೆಂದು ಯಾರೂ ತಿಳಿಯಬಾರದು. ಎರಡೆಕರೆ ಹೊಲವುಳ್ಳವನ ಮುಂದೆ ಎರಡು ವರುಷದ ಬೆಳೆಗೆ ಸಮನಾದ ಬಹುಮಾನವನ್ನು ತೂಗಹಾಕಿದರೆ ಅವನು ಕೈ ಚಾಚುವದು ಸಹಜ. ತೂಗಹಾಕುವವರು ಯಾರು? ಚುನಾವಣೆಗೆ ನಿಲ್ಲುವವರು, ಗುತ್ತಿಗೆದಾರರು, ಅಡತಿಯ ಸಾಹುಕಾರರು. ಹಸ್ತಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಳ್ಳುವವರಲ್ಲಿ ಪದವೀಧರರೂ ಉಂಟು. ಮಕ್ಕಳನ್ನು ಕರೆದುಕೊಂಡು ಹೋಗಿ ಮುಂದಿನ ಕುರ್ಚಿಗಳಲ್ಲಿ ಕೂಡ್ರುವವರು ಸುಶಿಕ್ಷಿತ ಮನೆತನದವರೇ. ಕರಡಿ ಕುಣಿಸುವ ಕಲಂದರರ ವಿಷಯದಲ್ಲಿ ಆದದ್ದನ್ನು ಇಲ್ಲಿ ನೆನೆಯಬೇಕು. ಕಾಯದೆಯಿಂದ ನಿಷೇಧವಾದ ಎಷ್ಟೋ ವರುಷಗಳ ವರೆಗೆ ಮೂಗುದಾರದ ಕರಡಿಯು ಬೀದಿಯಲ್ಲಿ ಕುಣಿಯುತ್ತಲೇ ಇತ್ತು. ಕುಣಿಸುವವನಿಗೆ ಬೇರೊಂದು ಕಸುಬನ್ನು ಒದಗಿಸಿ, ಕರಡಿಯನ್ನು ಬನ್ನೇರುಘಟ್ಟದಂಥ ಧಾಮಗಳಿಗೆ ಒಪ್ಪಿಸಿಕೊಂಡ ಮೇಲೆಯೇ, 2009ರ ಹೊತ್ತಿಗೆ, ಆ ಆಟವು ನಿಂತಿತು. ಬಡವನ ಕೈಯಿಂದ ಹಗ್ಗವನ್ನು ಬಿಡಿಸುವದಕ್ಕೆ ಕೈಯಲ್ಲಿ ಬೇರೇನನ್ನಾದರೂ ಇಡಬೇಕಾಯಿತು.

ಹಾಗೆಯೇ ತೆರಬಂಡಿಗೆ ಇಟ್ಟ ಹಣವನ್ನು ಒಳ್ಳೆಯ ಖಿಲಾರಿ ಆಕಳಿಗೆ, ಮೈಮೇಲೆ ಒಂದೂ ಬಾಸುಂಡೆಯಿಲ್ಲದ ಜೋಡೆತ್ತಿಗೆ, ಕುಂಟೆಯ ಸಾಲನ್ನು ನೆಟ್ಟಗೆ ಹೊಡೆದವನಿಗೆ ಇಟ್ಟರೆ ರೈತನು ಎತ್ತನ್ನು ಸಾಕುವದನ್ನು ಬಿಡುವದಿಲ್ಲ, ಜಾತ್ರೆಗೂ ಕಳೆ ಕುಂದುವದಿಲ್ಲ. ಬನಶಂಕರಿಯ ದನಗಳ ಸಂತೆಯೇ ಇದಕ್ಕೆ ತಕ್ಕ ಸ್ಥಳ. ಅಲ್ಲಿ ಎತ್ತಿನ ಹಲ್ಲು ನೋಡುವವರು, ಸುಳಿ ನೋಡುವವರು, ಗೊರಸು ನೋಡುವವರು ಸಾವಿರಾರು ಜನರು ಸೇರುವರು. ಪರೀಕ್ಷಕರನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 1965ರ ನಿಯಮಗಳನ್ನು ತಿಳಿಗನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ, ಮುಂದಿನ ಬನದ ಹುಣ್ಣಿವೆಗೆ ಬಾದಾಮಿಯ ಹಾದಿಯಿಂದ ಚೊಳಚಗುಡ್ಡದ ಸಂತೆಯ ವರೆಗೆ ಅಂಟಿಸಲು ತಗಲುವ ವೆಚ್ಚವು ಒಂದು ಶರ್ಯತ್ತಿನ ಸ್ವಾಗತ ಕಮಾನಿನ ವೆಚ್ಚಕ್ಕಿಂತ ಕಡಿಮೆಯಾದೀತು. ಪುಷ್ಯಕ್ಕೆ ಇನ್ನೂ ಅವಕಾಶವಿದೆ.