ಮನೆಯ ಗೋಡೆಗೊಂದು ಚಿತ್ರ

ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಡನೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದಾಗ ಕನ್ನಡನಾಡು ಹೆಮ್ಮೆಪಟ್ಟಿತು, ಪಡತಕ್ಕದ್ದೇ ಸರಿ. ಆದರೆ ಕಲೆಯ ವಿಷಯದಲ್ಲಿ ಹೆಮ್ಮೆ ಬೇರೆ, ಅಭಿರುಚಿ ಬೇರೆ. ಹೆಮ್ಮೆಯು ವರ್ಷಕ್ಕೊಮ್ಮೆ ನೆಂಟರಿಷ್ಟರಿಗೆ ಗುಡಿಯನ್ನು ತೋರಿಸಿ ತೃಪ್ತಿ ಹೊಂದುತ್ತದೆ. ಅಭಿರುಚಿಯಾದರೋ ದಿನದಿನವೂ ಮನೆಯೊಳಗೆ ಬೆಳೆಯಬೇಕಾದದ್ದು. ಅರಸೀಕೆರೆಯಿಂದ ಬೇಲೂರಿನವರೆಗೆ ಇಂದು ಏಳುತ್ತಿರುವ ಹೊಸ ಮನೆಗಳ ನಡುಮನೆಯನ್ನು ಹೊಕ್ಕು ನೋಡಿದವರಿಗೆ ಈ ಅಂತರದ ಅರಿವಾಗದೆ ಇರದು.

ಅಲ್ಲಿ ಕಾಣುವುದೇನು? ಗೃಹಪ್ರವೇಶದ ದಿನ ಉಡುಗೊರೆಯಾಗಿ ಬಂದ ಜಲಪಾತ. ವಾಸ್ತುವಿನ ಹೆಸರಿನಲ್ಲಿ ಓಡುತ್ತಿರುವ ಏಳು ಬಿಳಿಯ ಕುದುರೆಗಳು. ಸೋಫಾದ ಬಣ್ಣಕ್ಕೆ ಹೊಂದಲೆಂದು ಅಂಗಡಿಯವನೇ ಆರಿಸಿಕೊಟ್ಟ ಹೂಗುಚ್ಛ. ಇವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಇವುಗಳನ್ನು ಮನೆಯವರಾರೂ ಮನಸ್ಸಿಟ್ಟು ಆರಿಸಲಿಲ್ಲ, ತೂಗುಹಾಕಿದ ಮೇಲೆ ಕಣ್ಣಿಟ್ಟು ನೋಡುವುದೂ ಇಲ್ಲ ಎಂಬುದೇ ನಮ್ಮ ಆಕ್ಷೇಪ. ಬರಿಯ ಗೋಡೆಯನ್ನು ಮುಚ್ಚುವುದಷ್ಟೇ ಚಿತ್ರದ ಕೆಲಸವಾದರೆ ಒಂದು ಕ್ಯಾಲೆಂಡರು ಸಾಕು. ಅದು ತಿಥಿಯನ್ನಾದರೂ ಹೇಳೀತು.

ನಮ್ಮ ಹಿರಿಯರು ಸಿರಿವಂತರಾಗಿ ಚಿತ್ರಗಳನ್ನು ಕೊಂಡವರಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಅರಮನೆಗಳಲ್ಲಿದ್ದ ಲಕ್ಷ್ಮೀ ಸರಸ್ವತಿಯರು ಸಾಮಾನ್ಯರ ಮನೆಗಳಿಗೂ ಬಂದರು. ಗಾಜಿನ ಕಟ್ಟು ಹಾಕಿಸಿದ ಆ ಪಟಗಳು ತೊಟ್ಟಿಮನೆಗಳಲ್ಲಿ ಬಾಗಿಲವಾಡದ ಮೇಲೆ ಸಾಲಾಗಿ, ಮುಂದಕ್ಕೆ ಬಾಗಿ ನಿಲ್ಲುತ್ತಿದ್ದವು. ಆ ಬಾಗಿಗೆ ಅರ್ಥವಿತ್ತು: ನೋಡುವವನು ಕೆಳಗೆ ಚಾಪೆಯ ಮೇಲೆ ಕುಳಿತಿರುತ್ತಿದ್ದನು. ಬೇಲೂರಿನ ಶಿಲ್ಪಿಗಳಿಗೂ ಈ ಗುಟ್ಟು ತಿಳಿದಿತ್ತು. 1117ರಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ 42 ಮದನಿಕೆಯರಲ್ಲಿ 38 ಮಂದಿ ಹೊರಗಿನ ಸೂರಿನಡಿಯಲ್ಲಿ ಮುಂದಕ್ಕೆ ವಾಲಿಯೇ ನಿಂತಿದ್ದಾರೆ. ಕೆಳಗೆ ನಿಂತು ತಲೆಯೆತ್ತಿದವನಿಗೆ ಮುಖ ತೋರುತ್ತಾರೆ. ಚಿತ್ರದ ಸ್ಥಾನವನ್ನು ಗೊತ್ತುಮಾಡುವುದು ಗೋಡೆಯ ಅಳತೆಯಲ್ಲ, ನೋಡುವವನ ಕಣ್ಣು.

ಇಂದು ನಾವು ಚಾಪೆಯನ್ನು ಬಿಟ್ಟು ಕುರ್ಚಿಗೆ ಬಂದಿದ್ದೇವೆ. ಪಟ ಮಾತ್ರ ಛಾವಣಿಯ ಹತ್ತಿರವೇ ಉಳಿದಿದೆ, ಹಳೆಯ ಬಾಗನ್ನೂ ಕಳೆದುಕೊಂಡಿದೆ. ಚಿತ್ರದ ನಡುಭಾಗವು ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿರುವುದು ನಿಂತು ನೋಡುವವನಿಗೆ ಹಿತ. ಕುಳಿತು ನೋಡುವ ಕೋಣೆಯಲ್ಲಿ ಇನ್ನೂ ಸ್ವಲ್ಪ ಕೆಳಗಿರಲಿ. ಎಷ್ಟು ಚಿತ್ರಗಳಿರಬೇಕು ಎಂಬುದು ಮತ್ತೊಂದು ಪ್ರಶ್ನೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯಲ್ಲಿ ತಳಕ್ಕೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆಸವಾರರು, ಪುರಾಣಕಥೆ, ಮಕರ, ಹಂಸಗಳ ಪಟ್ಟಿಗಳು, ಎಲ್ಲಕ್ಕೂ ಮೇಲೆ ದೇವತೆಗಳ ದೊಡ್ಡ ವಿಗ್ರಹಗಳು ತುಂಬಿಕೊಂಡಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಆ ಗೋಡೆಯು ಪ್ರದಕ್ಷಿಣೆ ಬರುವವನಿಗಾಗಿ ಕಟ್ಟಿದ್ದು. ಅವನು ನಡೆದಂತೆ ಕಥೆಯೂ ನಡೆಯುತ್ತದೆ. ಅಷ್ಟು ತುಂಬಿದ್ದರೂ ಅಲ್ಲಿ ಪ್ರತಿಯೊಂದಕ್ಕೂ ಅದರದೇ ಸಾಲು ಉಂಟು. ನಮ್ಮ ನಡುಮನೆ ಕುಳಿತು ಬಾಳುವ ಜಾಗ. ಅಲ್ಲಿ ಒಂದು ಗೋಡೆಗೆ ಒಂದು ಚಿತ್ರ, ಅದರ ಸುತ್ತ ಕಣ್ಣು ವಿಶ್ರಮಿಸಲು ಒಂದಿಷ್ಟು ಬಯಲು ಇದ್ದರೆ ಸಾಕು.

ಬೆಳಕಿನ ಪಾಠವನ್ನು ಅರಸೀಕೆರೆಯ ಈಶ್ವರ ದೇವಾಲಯದಿಂದ ಕಲಿಯಬಹುದು. ಅದರ ಮುಂದಿನ ನಕ್ಷತ್ರಾಕಾರದ ಮಂಟಪಕ್ಕೆ ಸುತ್ತಲಿಂದಲೂ ಬೆಳಕು ಬಂದು, ಛಾವಣಿಯ ಕೆತ್ತನೆ ತಾನಾಗಿ ಕಾಣುತ್ತದೆ. ಮನೆಯಲ್ಲಿಯೂ ಚಿತ್ರಕ್ಕೆ ಪಕ್ಕದ ಬೆಳಕು ಒಳ್ಳೆಯದು. ಆದರೆ ಶಿಲೆಯಂತೆ ಕಾಗದ ಬಿಸಿಲನ್ನು ತಾಳದು. ನೇರ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ. ಮಲೆನಾಡಿನ ಅಂಚಿನ ಬೇಲೂರಿನ ಕಡೆ ಮಳೆಗಾಲದಲ್ಲಿ ಹೊರಗೋಡೆಗಳು ತೇವ ಹೀರುವುದರಿಂದ ಚಿತ್ರವನ್ನು ಒಳಗೋಡೆಗೆ ಹಾಕುವುದು ಮೇಲು. ಕಟ್ಟಿನ ಹಿಂದೆ ಸಣ್ಣ ಬಿರಡೆಯ ಚೂರನ್ನಿಟ್ಟು ಗಾಳಿಯಾಡಲು ಎಡೆಮಾಡಿದರೆ ಬೂಷ್ಟು ಹಿಡಿಯದು.

ಇನ್ನು ಆಯ್ಕೆಯ ಮಾತು. ಬೆಲೆ ಇಲ್ಲಿ ಅಳತೆಗೋಲಲ್ಲ. ಮೊದಲ ನೋಟಕ್ಕೆ ಬೆರಗುಗೊಳಿಸಿ ಹತ್ತನೆಯ ನೋಟಕ್ಕೆ ಬರಿದಾಗುವ ಚಿತ್ರಗಳುಂಟು. ಮೆಲ್ಲಮೆಲ್ಲನೆ ಮಾತಿಗಾರಂಭಿಸಿ ವರ್ಷಗಟ್ಟಲೆ ಮಾತು ಮುಗಿಯದ ಚಿತ್ರಗಳೂ ಉಂಟು. ಮನೆಗೆ ಬೇಕಾದವು ಎರಡನೆಯವು. ಬೇಲೂರಿನ ಶಿಲ್ಪಗಳಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ಕೆತ್ತಿದ್ದಾರೆ. ಒಂಬೈನೂರು ವರ್ಷಗಳ ಮೇಲೂ ಆ ಕೈಗಳನ್ನು ನಾವು ಗುರುತಿಸಬಲ್ಲೆವು. ನಮ್ಮ ಗೋಡೆಯ ಜಲಪಾತವನ್ನು ಬರೆದವರು ಯಾರು? ಹೆಸರಿಲ್ಲದ ಐದು ಅಚ್ಚುಗಳ ಬದಲು ಹೆಸರುಳ್ಳ ಒಂದು ಕೈಬರಹದ ಚಿತ್ರವನ್ನು ಕೊಳ್ಳುವ ಸಂಕಲ್ಪ ನಮ್ಮದಾಗಲಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರೇ ಬೀದಿಗೆ ಬಂದು ಮಾರುತ್ತಾರೆ. ಅಷ್ಟು ದೂರ ಹೋಗಲಾಗದವರು ತಮ್ಮೂರಿನ ಶಾಲೆಯ ಚಿತ್ರಕಲಾ ಶಿಕ್ಷಕರನ್ನೋ ಚಿತ್ರಕಲೆ ಕಲಿತ ತರುಣರನ್ನೋ ಕೇಳಬಹುದು. ಊರ ಕೆರೆಯನ್ನೂ ತೆಂಗಿನ ತೋಟವನ್ನೂ ಕಂಡು ಬರೆದ ಚಿತ್ರವು ಕಾಣದ ನಾಡಿನ ಜಲಪಾತಕ್ಕಿಂತ ನಮ್ಮ ಮನೆಗೆ ಹತ್ತಿರದ ನೆಂಟನಲ್ಲವೇ?

ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯ ಮನೆಯನ್ನು ಕೆಡವುವಾಗ ಕಂಬ ಬಾಗಿಲುಗಳೊಡನೆ ಅಜ್ಜನ ಕಾಲದ ಪಟಗಳನ್ನೂ ಗುಜರಿಯವನಿಗೆ ಹಾಕುವುದು ನಮ್ಮಲ್ಲಿ ನಡೆಯುತ್ತಿದೆ. ಧೂಳನ್ನು ಒರೆಸಿ ಒಮ್ಮೆ ನೋಡಿರಿ. ಅದರಲ್ಲಿ ರವಿವರ್ಮನ ಮುದ್ರಣಾಲಯದ ಹಳೆಯ ಅಚ್ಚಿರಬಹುದು, ಚಿನ್ನದ ರೇಕಿನ ಮೈಸೂರು ಶೈಲಿಯ ಪಟವಿರಬಹುದು. ಒಮ್ಮೆ ಮಾರಿದರೆ ಅದು ಊರಿಗೆ ಮರಳುವುದಿಲ್ಲ. ಒಂದು ಒಳ್ಳೆಯ ಚಿತ್ರದ ಕೆಳಗೆ ಕುಳಿತು ಅಕ್ಷರ ಕಲಿತ ಮಗು ನಾಳೆ ಹಳೇಬೀಡಿನ ಗೋಡೆಯ ಮುಂದೆ ನಿಂತಾಗ ತನ್ನ ಫೋಟೋ ತೆಗೆಸಿಕೊಂಡು ಹಿಂದಿರುಗದು, ನಿಂತು ನೋಡೀತು. ಆ ನೋಟವಿಲ್ಲದಿದ್ದರೆ ವಿಶ್ವದ ಯಾವ ಪಟ್ಟಿಯೂ ನಮ್ಮ ಗುಡಿಗಳನ್ನು ನಮ್ಮವಾಗಿಸಲಾರದು.